ದೊಡ್ಡ ಟಯರು ಹಾಕಿಸಿದ ಮೇಲೆ ಕ್ರೌನ್-ಪಿನಿಯನ್ ಲೆಕ್ಕ

ತೋಟದ ರಸ್ತೆಯ ಕೆಸರಿಗೆ ಹೆದರಿ ಜೀಪಿಗೆ ದೊಡ್ಡ ಟಯರು ಹಾಕಿಸುವ ಸದಸ್ಯರು ಹೆಚ್ಚುತ್ತಿದ್ದಾರೆ. 2021ರ ಮಳೆಗಾಲಕ್ಕೆ ಮುಂಚೆ ನಾನೂ ಹಾಕಿಸಿದೆ. ಗಾಡಿ ಎತ್ತರವಾಯಿತು, ಹೌಸಿಂಗಿಗೆ ಕಲ್ಲು ತಾಗುವುದು ನಿಂತಿತು, ನೋಡಲಿಕ್ಕೂ ಚೆನ್ನಾಗಿತ್ತು. ಕೊಯ್ಲು ಶುರುವಾದ ಮೇಲೆ ಗೊತ್ತಾಯಿತು ಅದರ ಬೆಲೆ. ಹತ್ತು ಚೀಲ ಹಣ್ಣು ಹೇರಿಕೊಂಡು ಎರಡನೇ ಗೇರಿನಲ್ಲಿ ಸಲೀಸಾಗಿ ಕಣಕ್ಕೆ ಏರುತ್ತಿದ್ದ ಗಾಡಿ, ಅದೇ ದಿಬ್ಬದಲ್ಲಿ ಏದುಸಿರು ಬಿಡತೊಡಗಿತು. ಡ್ರೈವರು ಕ್ಲಚ್ಚನ್ನು ಅರ್ಧ ಒತ್ತಿ ಎಳೆಸಿದ. ಕೊಯ್ಲು ಮುಗಿಯುವುದರೊಳಗೆ ಕ್ಲಚ್ ಪ್ಲೇಟು ಸುಟ್ಟಿತು. ಬೈಸಿಕೊಂಡವನು ಡ್ರೈವರು, ತಪ್ಪು ನನ್ನದು.

ಲೆಕ್ಕ ಸುಲಭ. ಮೊದಲಿದ್ದ 215/75 ಆರ್ 15 ಟಯರಿನ ಎತ್ತರ ಸುಮಾರು 703 ಮಿ.ಮೀ. ಹೊಸದು 31 ಅಂಗುಲದ್ದು, ಅಂದರೆ 787 ಮಿ.ಮೀ. ಚಕ್ರ ಒಂದು ಸುತ್ತಿಗೆ ಶೇ. 12ರಷ್ಟು ಹೆಚ್ಚು ದೂರ ಹೋಗುತ್ತದೆ. ಎಂಜಿನ್ನಿನ ಎಳೆತ ನೆಲಕ್ಕೆ ಮುಟ್ಟುವುದು ಅಷ್ಟರಮಟ್ಟಿಗೆ ಕಡಿಮೆ. ನನ್ನ ಜೀಪಿನ ಕ್ರೌನಿನಲ್ಲಿ 39 ಹಲ್ಲು, ಪಿನಿಯನ್ನಿನಲ್ಲಿ 8, ಅನುಪಾತ 4.88. ದೊಡ್ಡ ಟಯರಿನಿಂದ ಅದು 4.36ಕ್ಕೆ ಇಳಿದಂತಾಯಿತು. ಮೊದಲಿನ ಎಳೆತ ಬೇಕಾದರೆ 4.88ನ್ನು 1.12ರಿಂದ ಗುಣಿಸಿ 5.46 ಬೇಕು. ಸಿಗುವುದರಲ್ಲಿ ಹತ್ತಿರದ್ದು 43ಕ್ಕೆ 8 ಹಲ್ಲಿನ 5.38. ಹಿಂದಿನ ಸಿಜೆ-3ಬಿ ಜೀಪುಗಳಿಗೆ ಇದ್ದದ್ದೂ ಇದೇ ಅನುಪಾತ. ಆ ಹಳೆಯ ಪೆಟ್ರೋಲ್ ಜೀಪುಗಳು ನಮ್ಮ ದಿಬ್ಬಗಳನ್ನು ಹತ್ತುತ್ತಿದ್ದುದರ ಗುಟ್ಟುಗಳಲ್ಲಿ ಇದೂ ಒಂದು.

ನಿಮ್ಮ ಗಾಡಿಯ ಅನುಪಾತ ತಿಳಿಯಲು ಹೌಸಿಂಗ್ ಬಿಚ್ಚಬೇಕಾಗಿಲ್ಲ. ಸಮತಟ್ಟಾದ ಜಾಗದಲ್ಲಿ ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಮಾಡಿ ಅದು ಎಷ್ಟು ಸುತ್ತಿತೆಂದು ಎಣಿಸಿ. ಐದಕ್ಕೆ ಸ್ವಲ್ಪ ಕಡಿಮೆಯಾದರೆ 4.88, ಐದೂಕಾಲು ದಾಟಿದರೆ 5.38. (ಗಾಡಿಯ ಅಡಿಗೆ ಮಾತ್ರ ನುಗ್ಗಬೇಡಿ, ಪಕ್ಕದಿಂದಲೇ ನೋಡಿ.)

ಒಂದು ವರ್ಕ್‌ಶಾಪಿನಲ್ಲಿ, ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿದರೆ ಸಾಕು, ಅರ್ಧ ಖರ್ಚು ಉಳಿಯುತ್ತದೆ ಎಂದರು. ಒಪ್ಪಿಕೊಂಡಿದ್ದರೆ ಕೆಟ್ಟಿದ್ದೆ. ಫೋರ್‌ವೀಲ್ ಹಾಕಿದಾಗ ಮುಂದಿನ ಚಕ್ರ ಒಂದು ಲೆಕ್ಕದಲ್ಲಿ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಲು ನೋಡುತ್ತವೆ; ಟ್ರಾನ್ಸ್‌ಫರ್ ಕೇಸು, ಶಾಫ್ಟು, ಜಾಯಿಂಟು ಮುರಿಯುವವರೆಗೆ ಬಿಗಿದುಕೊಳ್ಳುತ್ತವೆ. ಎರಡೂ ಆಕ್ಸಲಿಗೆ ಒಂದೇ ಅನುಪಾತ ಇರಬೇಕು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಕೊಳ್ಳಬೇಕು. ಒಂದು ಹಳೆಯದು ಒಂದು ಹೊಸದು ಸೇರಿಸಿದರೆ ಊಳಿಡುತ್ತದೆ. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವಂತೆ ಷಿಮ್ ಕೊಟ್ಟು ಕೂರಿಸಬಲ್ಲ ಮೇಸ್ತ್ರಿಯ ಕೈಯಲ್ಲೇ ಈ ಕೆಲಸ ಮಾಡಿಸಿ. ಹೊಸ ಹಲ್ಲಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಹೇರದೆ ಓಡಿಸಿ, ಆಮೇಲೆ ಎಣ್ಣೆ ಬದಲಿಸಬೇಕು.

ಸ್ಪೀಡೋಮೀಟರಿನ ಸುಳ್ಳೂ ಇದರಿಂದ ಸರಿಹೋಯಿತು. ಟಯರು ಮಾತ್ರ ಬದಲಾಗಿದ್ದಾಗ ಮುಳ್ಳು 40 ತೋರಿಸುವಾಗ ಗಾಡಿ 45ರಲ್ಲಿ ಇರುತ್ತಿತ್ತು. ಹಾಗೆಯೇ ಕಿಲೋಮೀಟರ್ ಕಡಿಮೆ ಬರೆದುಕೊಂಡು, ಡೀಸೆಲ್ ಜಾಸ್ತಿ ತಿನ್ನುತ್ತದೆಂದು ಇಲ್ಲದ ಅನುಮಾನ ಹುಟ್ಟಿಸಿತ್ತು.

ಆದರೆ ಹಲ್ಲು ಬದಲಿಸಿದರೂ ಸರಿಹೋಗದ್ದು ಒಂದಿದೆ, ಅದು ಬ್ರೇಕು. ಗೇರಿನ ಹಿಡಿತ ಇಳಿಜಾರಿನಲ್ಲಿ ಹಿಂತಿರುಗಿ ಬರುತ್ತದೆ, ನಿಜ. ಆದರೆ ಬ್ರೇಕ್ ಡ್ರಮ್ಮು ಇರುವುದು ಚಕ್ರದಲ್ಲಿ, ಹಳೆಯ ಅಳತೆಯದೇ. ಟಯರು ಶೇ. 12 ದೊಡ್ಡದಾದರೆ ಅಷ್ಟೇ ಒತ್ತಿದ ಪೆಡಲಿಗೆ ನೆಲದ ಮೇಲಿನ ಹಿಡಿತ ಹತ್ತನೇ ಒಂದು ಪಾಲು ಕಡಿಮೆ. ಅಡಕೆ ಹೇರಿಕೊಂಡು ಚಾರ್ಮಾಡಿ ಇಳಿಯುವವರು ಇದನ್ನು ಯೋಚಿಸಬೇಕು. ಹಲ್ಲು ಬದಲಿಸಿದ ದಿನವೇ ನಾನು ಬ್ರೇಕ್ ಲೈನರುಗಳನ್ನೂ ಹೊಸದು ಹಾಕಿಸಿದೆ, ಹೇರುವುದನ್ನು ಎಂಟು ಚೀಲಕ್ಕೆ ಇಳಿಸಿದೆ.

ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗಿ ಗಾಡಿ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ನಿರ್ಬಂಧವಿದೆ. ಟಯರಿಗೆ ಹಣ ಕಟ್ಟುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿಕೊಳ್ಳಿ. ಎರಡು ಜೊತೆ ಕ್ರೌನ್-ಪಿನಿಯನ್, ಬೇರಿಂಗು, ಕೂಲಿ ಎಲ್ಲ ಸೇರಿ ನನಗೆ ಟಯರಿಗಿಂತ ಹೆಚ್ಚೇ ಬಿದ್ದಿತು. ನಮ್ಮ ಸದಸ್ಯರೊಬ್ಬರು ಈ ಲೆಕ್ಕ ಕೇಳಿ, ಹಳೆಯ ಅಳತೆಯಲ್ಲೇ ಕೆಸರಿಗೆ ಹಿಡಿಯುವ ಒರಟು ಕಚ್ಚಿನ ಟಯರು ಹಾಕಿಸಿದರು. ಅವರ ಜೀಪು ಈ ಮಳೆಯಲ್ಲೂ ಎಲ್ಲೂ ಹೂತಿಲ್ಲ.