ಕಾದಂಬರಿ ಹೇಗಿತ್ತು? ನಾವು ಕೊಡುವ ಉತ್ತರ ನಿಜಕ್ಕೂ ನಮ್ಮದೇನಾ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗದಿಂದ ಶುರು ಮಾಡುತ್ತೇವೆ. ಅಮ್ಮ ಆಗಷ್ಟೇ ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೊಮ್ಮೆ ಓದಿ ಮುಗಿಸಿದ್ದರು. ಎರಡು ದಿನದಿಂದ ಅದೇ ಗುಂಗು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಊಟಕ್ಕೆ ಬಂದಿದ್ದ ನೆಂಟರೊಬ್ಬರು, ಕಾಲೇಜಿನಲ್ಲಿ ಸಾಹಿತ್ಯ ಓದಿದವರು, ಪುಸ್ತಕವನ್ನು ತಿರುವಿ ಹಾಕುತ್ತಾ, “ಅತ್ತಿಗೆ, ಇದೆಲ್ಲ ಅಡುಗೆಮನೆ ಸಾಹಿತ್ಯ ಅಲ್ವಾ? ಈಗಿನವರದ್ದು ಏನಾದ್ರೂ ಓದಿ” ಎಂದರು. ಅಮ್ಮ ನಕ್ಕು, “ನಂಗೇನು ಗೊತ್ತಾಗುತ್ತಪ್ಪ, ಸುಮ್ನೆ ಹೊತ್ತು ಹೋಗ್ಲಿ ಅಂತ ಓದ್ತೀನಿ” ಎಂದು ಪುಸ್ತಕವನ್ನು ಫ್ರಿಜ್ ಮೇಲೆ ಇಟ್ಟುಬಿಟ್ಟರು. ಸಂಜೆ ನಾವು ಕೇಳಿದಾಗಲೂ “ಪರವಾಗಿಲ್ಲ, ಏನೋ ಒಂಥರಾ” ಎಂದಷ್ಟೇ ಹೇಳಿದರು. ಬೆಳಗ್ಗೆ ಅದೇ ಪುಸ್ತಕದ ಬಗ್ಗೆ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದವರು ಅವರೇ.

ಒಂದೇ ದಿನದಲ್ಲಿ ಪುಸ್ತಕ ಬದಲಾಗಲಿಲ್ಲ. ಹಾಗಾದರೆ ಬದಲಾದದ್ದೇನು? ಅಮ್ಮನ ಅಭಿಪ್ರಾಯವೇ, ಅದನ್ನು ಹೇಳುವ ಧೈರ್ಯವೇ? ಸಂವಹನ ನಮ್ಮ ಅಧ್ಯಯನದ ವಿಷಯವಾದ್ದರಿಂದ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಖುಷಿಗೆಂದು ಓದಿದ ಕಾದಂಬರಿಯ ಬಗ್ಗೆ ಸ್ನೇಹಿತರಲ್ಲಿ, ಮನೆಯವರಲ್ಲಿ ಅಭಿಪ್ರಾಯ ಹಂಚಿಕೊಳ್ಳುವುದು ಬಹಳ ಸರಳ ಕೆಲಸ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಓದಿದೆ, ಇಷ್ಟವಾಯಿತು, ಹೇಳಿದೆ. ಸಂಶೋಧನೆಗಳನ್ನು ನೋಡಿದರೆ ವಿಷಯ ಅಷ್ಟು ಸುಲಭವಾಗಿಲ್ಲ.

ಮೊದಲು ಬಂದ ಒಂದು ‘ಲೈಕ್’

2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ ಎಂಬ ಸಂಶೋಧಕರ ಒಂದು ಪ್ರಯೋಗ ಪ್ರಕಟವಾಯಿತು. ಸುದ್ದಿಗಳನ್ನು ಹಂಚಿಕೊಳ್ಳುವ ಒಂದು ಜಾಲತಾಣದಲ್ಲಿ ಜನ ಬರೆಯುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಅನಿಸಿಕೆಗಳನ್ನು ಅವರು ಆರಿಸಿಕೊಂಡರು. ಬರಹ ಹೇಗಿದೆ ಎಂದು ನೋಡದೆ, ಚೀಟಿ ಎತ್ತಿದ ಹಾಗೆ, ಕೆಲವಕ್ಕೆ ಮೊದಲೇ ಒಂದು ‘ಮೆಚ್ಚುಗೆ’ ಒತ್ತಿದರು, ಕೆಲವಕ್ಕೆ ಒಂದು ‘ಅಸಮ್ಮತಿ’ ಒತ್ತಿದರು, ಉಳಿದವನ್ನು ಹಾಗೆಯೇ ಬಿಟ್ಟರು. ಮೆಚ್ಚುಗೆ ಪಡೆದ ಬರಹವನ್ನು ಅದರ ನಂತರ ಮೊದಲು ನೋಡಿದವರು ಮೆಚ್ಚುವ ಸಾಧ್ಯತೆ ಶೇ. 32ರಷ್ಟು ಹೆಚ್ಚಾಯಿತು. ಐದು ತಿಂಗಳ ನಂತರ ಲೆಕ್ಕ ಹಾಕಿದಾಗ ಅವುಗಳ ಒಟ್ಟು ಅಂಕ ಸರಾಸರಿ ಶೇ. 25ರಷ್ಟು ಮೇಲಿತ್ತು. ಒಂದೇ ಒಂದು ಸುಳ್ಳು ಮೆಚ್ಚುಗೆಯಿಂದ!

ಆದರೆ ‘ಅಸಮ್ಮತಿ’ ಒತ್ತಿದ ಬರಹಗಳ ಕಥೆ ಬೇರೆ. ಅವುಗಳನ್ನು ಜನ ತಾವಾಗಿಯೇ ಮೇಲೆತ್ತಿ ಸರಿಮಾಡಿಬಿಟ್ಟರು. ಅಂದರೆ ನಾವು ಹೊಗಳಿಕೆಯ ಹಿಂದೆ ಸುಲಭವಾಗಿ ಹೋಗುತ್ತೇವೆ, ತೆಗಳಿಕೆಯನ್ನು ಸ್ವಲ್ಪ ಅನುಮಾನದಿಂದ ನೋಡುತ್ತೇವೆ. ಇದು ಕಾದಂಬರಿಗಳ ಮೇಲೆ ಮಾಡಿದ ಪ್ರಯೋಗವಲ್ಲ, ಸಣ್ಣ ಸಣ್ಣ ಅನಿಸಿಕೆಗಳ ಮೇಲೆ ಮಾಡಿದ್ದು ಎಂಬುದು ನೆನಪಿರಲಿ. ಆದರೂ ಮುಂದಿನ ಸಲ ಐದಕ್ಕೆ ನಾಲ್ಕೂವರೆ ನಕ್ಷತ್ರ ನೋಡಿ ಪುಸ್ತಕ ತರಿಸುವಾಗ, ಮೊದಲ ನಕ್ಷತ್ರ ಹಾಕಿದವರು ಬರೆದವರ ಬಾವಮೈದುನ ಇರಬಹುದೇ ಎಂದು ಒಮ್ಮೆ ಯೋಚಿಸಿದರೆ ತಪ್ಪಿಲ್ಲ.

ಜನಸಂದಣಿಯ ಮಾತು ಬಿಡಿ, ಹೆಸರೊಂದೇ ಸಾಕು. ಕೇಂಬ್ರಿಜ್‌ನಲ್ಲಿ ಪಾಠ ಮಾಡುತ್ತಿದ್ದ ಐ. ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ತೆಗೆದುಹಾಕಿ ಪದ್ಯಗಳನ್ನು ಕೊಟ್ಟು ಅಭಿಪ್ರಾಯ ಬರೆಸುತ್ತಿದ್ದರು. 1929ರಲ್ಲಿ ಅದನ್ನೇ ಪುಸ್ತಕವಾಗಿ ಪ್ರಕಟಿಸಿದರು. ಹೆಸರು ಕಾಣದಿದ್ದಾಗ ಸಾಹಿತ್ಯದ ವಿದ್ಯಾರ್ಥಿಗಳೇ ದೊಡ್ಡ ಕವಿಗಳನ್ನು ತೆಗಳಿದ್ದರು, ಅಷ್ಟೇನೂ ಹೆಸರಿಲ್ಲದವರನ್ನು ಹೊಗಳಿದ್ದರು. ನಮ್ಮ ನೆಂಟರ ಕೈಗೂ ರಟ್ಟು ಕಿತ್ತ ಪುಸ್ತಕ ಕೊಡಬೇಕಿತ್ತು ಎಂದು ಆಮೇಲೆ ಅನ್ನಿಸಿತು.

ಪ್ರಶಸ್ತಿ ಬಂದರೆ ಪುಸ್ತಕ ಹೆಚ್ಚು ಇಷ್ಟವಾಗುತ್ತದೆಯೇ?

ಹೌದು ಎಂದೇ ನಾವೂ ನಂಬಿದ್ದೆವು. ಬಾಲಾಜ್ಸ್ ಕೊವಾಚ್ ಮತ್ತು ಅಮಾಂಡಾ ಶಾರ್ಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಬುಕರ್‌ನಂತಹ ಪ್ರಶಸ್ತಿಗಳನ್ನು ಗೆದ್ದ ಪುಸ್ತಕಗಳನ್ನು, ಅದೇ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದು ಸೋತ ಪುಸ್ತಕಗಳ ಜೊತೆ ಅವರು ಜೋಡಿ ಮಾಡಿದರು. ಒಟ್ಟು 64 ಪುಸ್ತಕಗಳು. ‘ಗುಡ್‌ರೀಡ್ಸ್’ನಲ್ಲಿ ಓದುಗರು ಅವುಗಳ ಬಗ್ಗೆ ಬರೆದಿದ್ದ 38,000ಕ್ಕೂ ಹೆಚ್ಚು ಅಭಿಪ್ರಾಯಗಳನ್ನು ನೋಡಿದಾಗ, ಪ್ರಶಸ್ತಿ ಘೋಷಣೆಯಾದ ಮೇಲೆ ಗೆದ್ದ ಪುಸ್ತಕಗಳ ಅಂಕ ಸೋತವುಗಳಿಗಿಂತ ಹೆಚ್ಚು ಕುಸಿದಿತ್ತು.

ಕಾರಣ ಯೋಚಿಸಿದರೆ ಹೊಳೆಯುವಂಥದ್ದೇ. ಪ್ರಶಸ್ತಿಗೆ ಮೊದಲು ಆ ಪುಸ್ತಕವನ್ನು ಓದುವವರು ಅಂಥದ್ದನ್ನೇ ಹುಡುಕಿಕೊಂಡು ಬಂದವರು. ಪ್ರಶಸ್ತಿ ಬಂದ ಮೇಲೆ, ಪತ್ತೇದಾರಿ ಕಾದಂಬರಿ ಇಷ್ಟಪಡುವವರೂ, ಪ್ರೇಮಕಥೆ ಇಷ್ಟಪಡುವವರೂ “ಎಲ್ಲರೂ ಹೇಳುತ್ತಿದ್ದಾರಲ್ಲ, ನೋಡೋಣ” ಎಂದು ಕೈಗೆತ್ತಿಕೊಳ್ಳುತ್ತಾರೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಜೊತೆಗೆ, ಎಲ್ಲರೂ ಹೊಗಳಿದ್ದನ್ನು ತಾನೂ ಹೊಗಳಬಾರದು ಎಂಬ ಹಟವೂ ಒಂದಷ್ಟು ಸೇರಿಕೊಳ್ಳುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ಕನ್ನಡ ಕತೆಗಳನ್ನು ಮುಟ್ಟದ ನಮ್ಮ ಪರಿಚಯದವರೂ ಪುಸ್ತಕದಂಗಡಿಗೆ ಹೋದರು. ಅವರಲ್ಲಿ ಕೆಲವರಿಗೆ ತುಂಬ ಇಷ್ಟವಾಯಿತು, ಕೆಲವರು “ಇಷ್ಟೇನಾ?” ಎಂದರು. ಎರಡೂ ಸಹಜ. ಹೊಸಬರು ಬಂದಾಗ ಹೊಸ ರುಚಿಗಳೂ ಬರುತ್ತವೆ.

ತೆಗಳಿಕೆಯ ಲೆಕ್ಕವೂ ನಾವು ಅಂದುಕೊಂಡಂತಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದ ವಿಮರ್ಶೆಗಳನ್ನೂ ಪುಸ್ತಕ ಮಾರಾಟವನ್ನೂ ಹೋಲಿಸಿದ ಜೋನಾ ಬರ್ಗರ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ, ಕೆಟ್ಟ ವಿಮರ್ಶೆಯಿಂದ ಹೆಸರಾಂತ ಲೇಖಕರ ಮಾರಾಟ ಸುಮಾರು ಶೇ. 15ರಷ್ಟು ಇಳಿದರೆ, ಯಾರೂ ಕೇಳಿರದ ಲೇಖಕರ ಮಾರಾಟ ಶೇ. 45ರಷ್ಟು ಏರಿತ್ತು. ಬೈದರೂ ಹೆಸರು ಕಿವಿಗೆ ಬಿತ್ತಲ್ಲ!

“ಯಾಕೆ ಇಷ್ಟ ಆಯ್ತು ಹೇಳು” ಎಂದಾಗ

ಇಲ್ಲಿಯವರೆಗೆ ಹೇಳಿದ್ದು ಬೇರೆಯವರ ಪ್ರಭಾವ. ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಯಾರೂ ಏನೂ ಹೇಳದಿದ್ದರೂ, ಕಾರಣ ಕೊಡಲು ಹೊರಟರೆ ಸಾಕು, ನಮ್ಮ ಅಭಿಪ್ರಾಯವೇ ಜರುಗಿಬಿಡಬಹುದು.

ವರ್ಜೀನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ತಿಮೊತಿ ವಿಲ್ಸನ್ ಮತ್ತು ಜೊನಾಥನ್ ಸ್ಕೂಲರ್ 1991ರಲ್ಲಿ ಇದನ್ನು ಸ್ಟ್ರಾಬೆರಿ ಜಾಮ್ ಇಟ್ಟುಕೊಂಡು ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಐದು ಬಗೆಯ ಜಾಮ್ ಕೊಟ್ಟರು. ಅವುಗಳ ರುಚಿಗೆ ಪರಿಣತರು ಮೊದಲೇ ಸ್ಥಾನ ಕೊಟ್ಟಿದ್ದರು. ಸುಮ್ಮನೆ ತಿಂದು ಅಂಕ ಹಾಕಿದವರ ತೀರ್ಮಾನ ಪರಿಣತರ ತೀರ್ಮಾನಕ್ಕೆ ಹತ್ತಿರವಿತ್ತು. ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಎಂದು ಕಾರಣ ಬರೆದು ಆಮೇಲೆ ಅಂಕ ಹಾಕಿದವರದ್ದು ಅಷ್ಟು ಹೊಂದಲಿಲ್ಲ. ಎರಡು ವರ್ಷದ ನಂತರ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಗೋಡೆಗೆ ಹಾಕುವ ಚಿತ್ರಗಳಲ್ಲಿ ಒಂದನ್ನು ಆರಿಸಿ ಮನೆಗೊಯ್ಯಲು ಹೇಳಿದರು. ಕಾರಣ ಯೋಚಿಸಿ ಆರಿಸಿದವರು ಕೆಲವು ವಾರಗಳ ಬಳಿಕ ತಮ್ಮ ಆಯ್ಕೆಯ ಬಗ್ಗೆ ಕಡಿಮೆ ತೃಪ್ತರಾಗಿದ್ದರು.

ಹೀಗೇಕೆ? ಇಷ್ಟವಾಗಲು ಇರುವ ಕಾರಣಗಳೆಲ್ಲ ಮಾತಿಗೆ ಸಿಗುವುದಿಲ್ಲ. ಮಾತಿಗೆ ಸುಲಭವಾಗಿ ಸಿಗುವುದನ್ನು ನಾವು ಹಿಡಿದುಕೊಳ್ಳುತ್ತೇವೆ, ಆಮೇಲೆ ಅದೇ ನಿಜವಾದ ಕಾರಣ ಎಂದು ನಂಬಿ ಅಭಿಪ್ರಾಯವನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ. ಕಾದಂಬರಿಗೆ ಇದನ್ನು ಹೊಂದಿಸಿ ನೋಡಿ. ಕಥೆ ವೇಗವಾಗಿದೆ, ಪಾತ್ರಗಳು ಜಾಸ್ತಿ, ಮಧ್ಯದಲ್ಲಿ ಎಳೆದಿದ್ದಾರೆ, ಕೊನೆ ಅರ್ಥವಾಗಲಿಲ್ಲ. ಇವೆಲ್ಲ ಥಟ್ಟನೆ ಬಾಯಿಗೆ ಬರುವ ಮಾತುಗಳು. ಆದರೆ ಒಂದು ಪುಟದಲ್ಲಿ ಯಾರೋ ಬಾಗಿಲ ಬಳಿ ನಿಂತು ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿದ್ದು ನಮ್ಮನ್ನು ರಾತ್ರಿಯಿಡೀ ಕಾಡಿದ್ದರೆ, ಅದನ್ನು ಯಾವ ಪದದಲ್ಲಿ ಹೇಳುವುದು? ಹೇಳಲಾಗದ್ದು ಲೆಕ್ಕಕ್ಕೇ ಬರದೆ ಹೋಗುತ್ತದೆ. ಅಮ್ಮನ “ಏನೋ ಒಂಥರಾ” ಎಂಬ ಮಾತನ್ನು ನಾವು ಅಂದು ಹಗುರವಾಗಿ ತೆಗೆದುಕೊಂಡಿದ್ದೆವು. ಈಗ ಹಾಗನ್ನಿಸುವುದಿಲ್ಲ.

ಹಾಗೆಂದು ಯೋಚನೆಯೇ ಬೇಡ, ವಿಮರ್ಶೆಯೇ ವ್ಯರ್ಥ ಎಂದು ಅರ್ಥವಲ್ಲ. ವಿಷಯವನ್ನು ಚೆನ್ನಾಗಿ ಬಲ್ಲವರಲ್ಲಿ ಕಾರಣ ಕೊಡುವುದರಿಂದ ಅಭಿಪ್ರಾಯ ಹೀಗೆ ಕದಲುವುದು ಕಡಿಮೆ ಎಂದು ವಿಲ್ಸನ್ ಅವರ ಕೆಲಸವೇ ತೋರಿಸಿದೆ. ತುಂಬ ಓದಿದವರಿಗೆ ಆ “ಒಂಥರಾ”ಕ್ಕೂ ಪದಗಳು ಒದಗಿರುತ್ತವೆ ಎಂಬುದು ನಮ್ಮ ಊಹೆ. ತೊಂದರೆಯಾಗುವುದು ಪದ ಇನ್ನೂ ಸಿಗದವರನ್ನು ಅವಸರಪಡಿಸಿದಾಗ.

ಕೊನೆ ಹೇಳಿಬಿಟ್ಟರೆ ಮಜಾ ಹೋಗುತ್ತದೆಯೇ?

ಅಭಿಪ್ರಾಯ ಹಂಚಿಕೊಳ್ಳುವಾಗ ಬರುವ ದೊಡ್ಡ ಜಗಳ ಇದೇ. “ಕೊನೆ ಹೇಳಬೇಡ ಮಾರಾಯಾ!” ಎಂದು ಕಿವಿ ಮುಚ್ಚಿಕೊಳ್ಳುವವರು ನಮ್ಮ ಗೆಳೆಯರಲ್ಲೇ ನಾಲ್ಕೈದು ಜನ ಇದ್ದಾರೆ. ಇನ್ನೊಬ್ಬಳು ಪುಸ್ತಕ ಕೊಂಡ ಕೂಡಲೇ ಕೊನೆಯ ಪುಟ ಓದಿ, ಆಮೇಲೆ ಮೊದಲ ಪುಟಕ್ಕೆ ಬರುತ್ತಾಳೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಾಸ್ ಕ್ರಿಸ್ಟೆನ್‌ಫೆಲ್ಡ್ 2011ರಲ್ಲಿ ಈ ಗೆಳತಿಯ ಪರವಾಗಿ ಸಾಕ್ಷಿ ಒದಗಿಸಿದರು. ಅಗಾಥಾ ಕ್ರಿಸ್ಟಿ, ಚೆಕಾವ್, ರೋಆಲ್ಡ್ ಡಾಲ್ ಮೊದಲಾದವರ 12 ಸಣ್ಣಕತೆಗಳನ್ನು 800ಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಓದಿಸಿದರು. ಕೆಲವರಿಗೆ ಕತೆಗೆ ಮುಂಚೆಯೇ ಕೊನೆಯನ್ನು ಬಿಟ್ಟುಕೊಡುವ ಒಂದು ಚಿಕ್ಕ ಟಿಪ್ಪಣಿ ಕೊಟ್ಟರು. ಒಟ್ಟಾರೆ, ಕೊನೆ ಗೊತ್ತಿದ್ದವರೇ ಕತೆಗಳಿಗೆ ಹೆಚ್ಚು ಅಂಕ ಕೊಟ್ಟರು. ಪತ್ತೇದಾರಿ ಕತೆಗಳಲ್ಲೂ ಅಷ್ಟೇ! ಮುಂದೇನು ಎಂಬ ಗೊಂದಲ ಇಲ್ಲದಿದ್ದರೆ ಕತೆ ಹೇಗೆ ಕಟ್ಟಿದೆ ಎಂದು ನೋಡಲು ಮನಸ್ಸಿಗೆ ಬಿಡುವಾಗುತ್ತದೆ ಎಂಬುದು ಅವರು ಮುಂದಿಟ್ಟ ವಿವರಣೆಗಳಲ್ಲಿ ಒಂದು.

ಈ ಸುದ್ದಿ ಜಗತ್ತಿನಾದ್ಯಂತ ಹರಡಿತು. ಆದರೆ ನಾಲ್ಕು ವರ್ಷದ ಬಳಿಕ ಬೆಂಜಮಿನ್ ಜಾನ್ಸನ್ ಮತ್ತು ಜೂಡಿತ್ ರೋಸನ್‌ಬಾಮ್ ಸಣ್ಣಕತೆಗಳ ಮೇಲೆಯೇ ಮಾಡಿದ ಪ್ರಯೋಗದಲ್ಲಿ ಉಲ್ಟಾ ಫಲಿತಾಂಶ ಬಂತು. ಕೊನೆ ಗೊತ್ತಿಲ್ಲದ ಕತೆಗಳೇ ಓದುಗರಿಗೆ ಹೆಚ್ಚು ಕುತೂಹಲಕಾರಿ, ಹೆಚ್ಚು ಮನಕಲಕುವಂಥವು ಎನ್ನಿಸಿದ್ದವು. ಈಗ ಯಾರನ್ನು ನಂಬುವುದು? ಎರಡೂ ಕಡೆ ಓದಿಸಿದ್ದು ಸಣ್ಣಕತೆಗಳನ್ನು. ಹದಿನೈದು ದಿನ ತಲೆದಿಂಬಿನ ಪಕ್ಕ ಇಟ್ಟುಕೊಂಡು ಓದುವ 600 ಪುಟಗಳ ಕಾದಂಬರಿಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. “ಸ್ಪಾಯ್ಲರ್‌ನಿಂದ ಏನೂ ಆಗಲ್ಲ ಅಂತ ವಿಜ್ಞಾನ ಹೇಳಿದೆ” ಎಂದು ಯಾರಾದರೂ ವಾದಿಸಿದರೆ, ಅದು ಅರ್ಧ ಕಥೆ ಎಂದು ತಿಳಿಯಿರಿ.

ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕರ್ಣ ಸಾಯುತ್ತಾನೆ ಎಂದು ಗೊತ್ತಿಲ್ಲದವರು ಯಕ್ಷಗಾನಕ್ಕೆ ಬರುತ್ತಾರೆಯೇ? ಬೆಳಗಿನ ಜಾವದವರೆಗೆ ಕೂತು, ಗೊತ್ತಿದ್ದ ಸಾವಿಗೇ ಅಳುತ್ತಾರೆ. ಅಲ್ಲಿ ಏನಾಯಿತು ಎನ್ನುವುದಕ್ಕಿಂತ ಇಂದಿನ ಕಲಾವಿದರು ಅದನ್ನು ಹೇಗೆ ಆಡಿ ತೋರಿಸಿದರು ಎನ್ನುವುದು ಮುಖ್ಯ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಂಥ ಕಾದಂಬರಿಯಲ್ಲಿ ಕೊನೆ ಬಿಟ್ಟುಕೊಡುವುದೇ ಕಷ್ಟ, ಏಕೆಂದರೆ ಏನಾಯಿತು ಎಂದು ಲೇಖಕರು ಬಾಯಿಬಿಟ್ಟು ಹೇಳುವುದೇ ಇಲ್ಲ. ಅದನ್ನು ಓದಿದ ನಮ್ಮ ಗುಂಪಿನಲ್ಲಿ ಒಂದು ಸಂಜೆಯೆಲ್ಲ ಕಾಫಿ ಆರಿಹೋಗುವವರೆಗೆ ಜಗಳವಾಗಿತ್ತು. ಕೊನೆಯ ತಿರುವೊಂದರ ಮೇಲೆಯೇ ನಿಂತ ಪತ್ತೇದಾರಿ ಕಾದಂಬರಿಯ ವಿಷಯ ಬೇರೆ. ಅದರ ಗುಟ್ಟು ಹೇಳುವವರನ್ನು ಪ್ರಯೋಗಗಳು ಏನೇ ಹೇಳಲಿ ನಾವಂತೂ ಕ್ಷಮಿಸುವುದಿಲ್ಲ.

ಹಾಗಾದರೆ ನಮ್ಮ ಅಭಿಪ್ರಾಯವನ್ನು ಉಳಿಸಿಕೊಳ್ಳುವುದು ಹೇಗೆ? ಮೇಲಿನ ಪ್ರಯೋಗಗಳಿಂದ ನಾವು ಕಲಿತು ಮಾಡುತ್ತಿರುವುದು ಇಷ್ಟು: ಪುಸ್ತಕ ಮುಗಿದ ದಿನವೇ, ನಕ್ಷತ್ರಗಳನ್ನೂ ವಿಮರ್ಶೆಗಳನ್ನೂ ನೋಡುವ ಮುಂಚೆ, ಎರಡು ಸಾಲು ಬರೆದಿಡುವುದು. ಕಾರಣ ಅಲ್ಲ, ನೆನಪಲ್ಲಿ ನಿಂತದ್ದು. ಯಾವ ಪುಟದಲ್ಲಿ ಓದುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದೆವು, ಎಲ್ಲಿ ಬೇಸರ ಬಂದು ಪುಟ ಹಾರಿಸಿದೆವು. ಸ್ನೇಹಿತರ ಗುಂಪಿನಲ್ಲಿ ಒಂದೇ ಪುಸ್ತಕ ಓದಿದಾಗಲೂ ಮೊದಲು ಎಲ್ಲರೂ ಚೀಟಿಯಲ್ಲಿ ಬರೆದು, ಆಮೇಲೆ ಮಾತು ಶುರು ಮಾಡುತ್ತೇವೆ. ಇಲ್ಲದಿದ್ದರೆ ಗುಂಪಿನಲ್ಲಿ ಜೋರು ದನಿಯವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿಬಿಡುತ್ತಿತ್ತು. ಮಾತಾಡಿದ ಮೇಲೆ ಅಭಿಪ್ರಾಯ ಬದಲಾದರೆ ಬದಲಾಗಲಿ, ಅದಕ್ಕೇ ಅಲ್ಲವೇ ಮಾತಾಡುವುದು. ಎಲ್ಲಿಂದ ಎಲ್ಲಿಗೆ ಬದಲಾಯಿತು ಎಂದಾದರೂ ಗೊತ್ತಿರುತ್ತದೆ.

ಅಮ್ಮನಿಗೂ ಇದನ್ನೇ ಹೇಳಿದೆವು. “ನಾನೇನು ಪರೀಕ್ಷೆಗೆ ಕಟ್ಟಿದೀನಾ?” ಎಂದು ಗದರಿದರು. ಒಂದು ವಾರದ ನಂತರ, ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಹಿಂಬದಿಯಲ್ಲಿ, ತಾರೀಖು ಹಾಕಿ, ‘ಶರಪಂಜರ’ದ ಕಾವೇರಿಯ ಬಗ್ಗೆ ಅವರು ಬರೆದದ್ದು ನಮ್ಮ ಕಣ್ಣಿಗೆ ಬಿತ್ತು. ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೇ ನಂಬದಿದ್ದರೆ ಅವಳು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದರು. ಮದುವೆಗೆ ಮುಂಚೆ ಇದನ್ನು ಓದಿದಾಗ ತಮಗೆ ಅವಳ ಗಂಡನ ಮೇಲೆ ಸಿಟ್ಟು ಬಂದಿತ್ತು, ಈ ಸಲ ಅವಳ ಸುತ್ತ ಸುಮ್ಮನೆ ನಿಂತು ನೋಡಿದವರ ಮೇಲೆ ಬಂತು ಎಂದೂ ಬರೆದಿದ್ದರು. ಅದರ ಕೆಳಗೆ ಎರಡು ಲೀಟರ್ ಹಾಲಿನ ಲೆಕ್ಕ. ಮುಂದಿನ ಹಬ್ಬಕ್ಕೆ ಆ ನೆಂಟರು ಮತ್ತೆ ಬರಲಿದ್ದಾರೆ. ಪುಸ್ತಕ ಈಗ ಫ್ರಿಜ್ ಮೇಲಿಲ್ಲ, ನಡುಮನೆಯ ಟೀಪಾಯಿಯ ಮೇಲಿದೆ.