ಕೀಲಿ ಕೊಟ್ಟ ಮೇಲೆ ಲಿಫ್ಟು ಯಾರದ್ದು?

ನೀವೂ ನೋಡಿರ್ತೀರಿ, ನಾವೇ ಎಷ್ಟೋ ಸಲ ಲೈವ್ ತೋರಿಸಿದ್ದೀವಿ. ವೇದಿಕೆ ಮೇಲೆ ಮಂತ್ರಿಗಳು, ಕೈಯಲ್ಲಿ ಮೊಳದುದ್ದದ ರಟ್ಟಿನ ಕೀಲಿಕೈ, ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತ ಒಬ್ಬ ತಾಯಿ. ಚಪ್ಪಾಳೆ. ಕ್ಯಾಮೆರಾ ಅಲ್ಲಿಗೆ ಆಫ್. ಐದು ವರ್ಷ ಬಿಟ್ಟು ಹೋಗಿ, "ಅಮ್ಮಾ, ಮನೆ ಹೇಗಿದೆ?" ಅಂತ ಕೇಳಿದವರು ಯಾರು? ನಾವಂತೂ ಕೇಳಿಲ್ಲ, ಒಪ್ಪಿಕೊಳ್ತೀನಿ.

ಇವತ್ತು ಎರಡು ಊರುಗಳ ಸರ್ಕಾರಿ ವಸತಿಯ ಕಥೆ ಹೇಳ್ತೀನಿ. ಎರಡನ್ನೂ ಲಿಫ್ಟಿನ ಬಾಗಿಲಿಂದ ನೋಡೋಣ. ಇಂಜಿನಿಯರಿಂಗ್ ಓದಿದವನ ಚಾಳಿ, ಸಹಿಸಿಕೊಳ್ಳಿ.

ಮೊದಲನೆಯದು ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ. ಹನ್ನೊಂದು ಅಂತಸ್ತಿನ 33 ಕಟ್ಟಡ, 2,870 ಮನೆ. ವಿನ್ಯಾಸ ಮಾಡಿದ್ದು ಮಿನೋರು ಯಮಸಾಕಿ. ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ನಕ್ಷೆ ಹಾಕಿದ್ದೂ ಇವರೇ. 1954ರಲ್ಲಿ ಜನ ಬರತೊಡಗಿದರು. ಕೊಳೆಗೇರಿಯಿಂದ ಬಂದವರಿಗೆ ಅದು ಅರಮನೆ. ಆಗ ಅಲ್ಲಿದ್ದ ಕೆಲವರು 2011ರ ಒಂದು ಸಾಕ್ಷ್ಯಚಿತ್ರದಲ್ಲಿ ಆ ದಿನಗಳನ್ನು ಎಷ್ಟು ಖುಷಿಯಿಂದ ನೆನೆಯುತ್ತಾರೆಂದರೆ, ಸೋತ ಯೋಜನೆ ಇದೇನಾ ಅನ್ನಿಸುತ್ತದೆ. 1957ರ ಹೊತ್ತಿಗೆ ಶೇ. 91ರಷ್ಟು ಮನೆ ತುಂಬಿತ್ತು.

ಆದರೆ ಲಿಫ್ಟು? ಖರ್ಚು ಉಳಿಸಲು ಅದು ಒಂದು, ನಾಲ್ಕು, ಏಳು, ಹತ್ತನೇ ಅಂತಸ್ತಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಉಳಿದವರು ಮೆಟ್ಟಿಲು ಹತ್ತಬೇಕು, ಇಲ್ಲಾ ಇಳಿಯಬೇಕು. ಬಲ್ಬು ಒಡೆದ ಮೇಲೆ ಆ ಮೆಟ್ಟಿಲಲ್ಲಿ ಹೆಣ್ಣುಮಕ್ಕಳು ಓಡಾಡೋದು ಹೇಗೆ?

ಹಾಗಂತ ತಪ್ಪು ಲಿಫ್ಟಿನದ್ದು ಮಾತ್ರ ಅಲ್ಲ. ಕಟ್ಟೋದಕ್ಕೆ ಕೇಂದ್ರ ಸರ್ಕಾರದ ದುಡ್ಡಿತ್ತು. ನೋಡಿಕೊಳ್ಳೋದಕ್ಕೆ ಬಾಡಿಗೆಯೊಂದೇ ಆಧಾರ. ಊರಿನ ಜನಸಂಖ್ಯೆ ಕುಸಿಯಿತು. ಸ್ವಲ್ಪ ಅನುಕೂಲ ಇದ್ದವರು ಬಿಟ್ಟು ಹೋದರು, ತೀರಾ ಬಡವರಾದ ಕರಿಯರು ಉಳಿದರು. ಮನೆ ಖಾಲಿಯಾದಷ್ಟೂ ಬಾಡಿಗೆ ಖೋತಾ, ಬಾಡಿಗೆ ಖೋತಾ ಆದಷ್ಟೂ ರಿಪೇರಿ ಇಲ್ಲ, ರಿಪೇರಿ ಇಲ್ಲದಷ್ಟೂ ಮನೆ ಖಾಲಿ. ಇದರ ಮೇಲೆ ಬಾಡಿಗೆಯನ್ನೂ ಏರಿಸಿದರು. 1969ರಲ್ಲಿ ನಗರದ ಸರ್ಕಾರಿ ವಸತಿಗಳ ಬಾಡಿಗೆದಾರರು ತಿಂಗಳುಗಟ್ಟಲೆ ಬಾಡಿಗೆ ಕಟ್ಟದೆ ಕೂತರು. ಬಾಡಿಗೆ ಆದಾಯದ ಕಾಲು ಭಾಗ ಮೀರಬಾರದು ಅಂತ ಅದೇ ವರ್ಷ ದೇಶಕ್ಕೆ ಕಾನೂನು ಬಂತು. ಪ್ರೂಯಿಟ್-ಐಗೋಗೆ ತಡವಾಗಿತ್ತು. 1972ರಲ್ಲಿ ಸಿಡಿಮದ್ದಿಟ್ಟು ಉರುಳಿಸತೊಡಗಿದರು. 1976ರ ಹೊತ್ತಿಗೆ 33ರಲ್ಲಿ ಒಂದೂ ನಿಂತಿರಲಿಲ್ಲ. ಉರುಳುವ ದೃಶ್ಯವನ್ನು ಟಿವಿಯವರು ಚೆನ್ನಾಗಿಯೇ ತೋರಿಸಿದರು. ನಮ್ಮ ಕಸುಬೇ ಹಾಗೆ.

ಈಗ ಸಿಂಗಾಪುರ. ಅಲ್ಲಿನ ವಸತಿ ಮಂಡಳಿ ಎಚ್‌ಡಿಬಿ ಶುರುವಾಗಿದ್ದು 1960ರಲ್ಲಿ. ಅಲ್ಲೂ ಹಳೇ ಕಟ್ಟಡಗಳಲ್ಲಿ ಲಿಫ್ಟು ಕೆಲವೇ ಅಂತಸ್ತಿನಲ್ಲಿ ನಿಲ್ಲುತ್ತಿತ್ತು, ಕಾರಣವೂ ಅದೇ ಖರ್ಚು. ಆದರೆ ನಿವಾಸಿಗಳಿಗೆ ವಯಸ್ಸಾಗುತ್ತಾ ಬಂತು. 2001ರಲ್ಲಿ, ಸಾಧ್ಯವಾದ ಕಡೆಯೆಲ್ಲ ಪ್ರತಿ ಅಂತಸ್ತಿನಲ್ಲೂ ಲಿಫ್ಟು ನಿಲ್ಲಿಸುವ ಯೋಜನೆ ತಂದರು. ಬ್ಲಾಕಿನಲ್ಲಿ ಮತ ಹಾಕಬೇಕಿತ್ತು, ಶೇ. 75 ಮನೆಗಳು ಒಪ್ಪಬೇಕಿತ್ತು. ಸರ್ಕಾರ ದೊಡ್ಡ ಪಾಲು ಕೊಡುತ್ತಿತ್ತು, ಮನೆಯವರು ಸಣ್ಣ ಪಾಲು. ಇದಲ್ಲದೆ ಪ್ರತಿ ತಿಂಗಳು ನಿರ್ವಹಣಾ ಶುಲ್ಕ ಕಟ್ಟಬೇಕು. ಅದರಲ್ಲಿ ಒಂದು ಭಾಗವನ್ನು ಮುಂದಿನ ದೊಡ್ಡ ರಿಪೇರಿಗೆ ಎತ್ತಿಡಲೇಬೇಕು ಅನ್ನೋದು ಕಾನೂನು.

ಐದು ವರ್ಷಕ್ಕೊಮ್ಮೆ ಮಂಡಳಿ ಸಮೀಕ್ಷೆ ಮಾಡುತ್ತದೆ. ಶೇ. 90ಕ್ಕೂ ಹೆಚ್ಚು ಜನ ತೃಪ್ತಿ ಇದೆ ಅಂತಾರೆ. ಕಟ್ಟಿದವರೇ ಬಂದು ಕೇಳಿದರೆ ಯಾರು ಇಲ್ಲ ಅಂತಾರೆ ಅಂತ ನೀವು ನಗಬಹುದು. ನನಗೂ ಆ ಅನುಮಾನ ಇದೆ. ಅಲ್ಲಿನ ಬಹುತೇಕರು ಬಾಡಿಗೆದಾರರಲ್ಲ, 99 ವರ್ಷದ ಲೀಸಿನ ಮಾಲೀಕರು. ಸೇಂಟ್ ಲೂಯಿಸ್‌ನ ಬಡವರಿಗೆ ಅವರನ್ನು ಸೀದಾ ಹೋಲಿಸೋದೂ ನ್ಯಾಯವಲ್ಲ. ಆದರೂ ಕೇಳುವುದಂತೂ ಕೇಳುತ್ತಾರಲ್ಲ!

ನಮ್ಮ ಬೆಂಗಳೂರಿನ ಈಜಿಪುರ ಕ್ವಾರ್ಟರ್ಸ್ ನೆನಪಿದೆಯಾ? ಬಡವರಿಗೆಂದು ಪಾಲಿಕೆ ಕಟ್ಟಿಸಿದ ಮನೆಗಳು ಶಿಥಿಲವಾಗಿ ಕುಸಿಯತೊಡಗಿದವು. ಜನ ಶೆಡ್ಡುಗಳಿಗೆ ಬಂದರು. 2013ರ ಜನವರಿಯಲ್ಲಿ ಆ ಶೆಡ್ಡುಗಳಿಂದಲೂ ಎಬ್ಬಿಸಿದರು. ಆವತ್ತು ಎಲ್ಲಾ ಚಾನೆಲ್ಲಿನ ಕ್ಯಾಮೆರಾ ಅಲ್ಲಿದ್ದವು.

ಮುಂದಿನ ಸಲ ಕೀಲಿ ಕೊಡುವ ಕಾರ್ಯಕ್ರಮಕ್ಕೆ ನಮ್ಮ ವರದಿಗಾರರು ಹೋಗುವಾಗ ಒಂದು ಪ್ರಶ್ನೆ ಬರೆದುಕೊಟ್ಟು ಕಳಿಸ್ತೀನಿ: "ಸಾರ್, ನೀರಿನ ಮೋಟಾರು ಸುಟ್ಟು ಹೋದರೆ ರಿಪೇರಿ ದುಡ್ಡು ಯಾವ ಖಾತೆಯಿಂದ ಬರುತ್ತೆ?"