ಜೇಬುಚಾಕುವಿನ ಹದ

ಹಳೆಯ ಮಡಚುವ ಚಾಕುವನ್ನು ಕೊಳ್ಳುವವರು ಮೊದಲು ಅದನ್ನು ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತಾರೆ. ಅರ್ದಿಯಾದ ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರದ ಅಲ್ ರಾಯ್‌ನಲ್ಲಿ ಕುವೈತಿನ ಶುಕ್ರವಾರದ ಸಂತೆ, ಅಂದರೆ ಸೂಕ್ ಅಲ್ ಜುಮಾ ಇದೆ. ನೆಲಕ್ಕೆ ಬಟ್ಟೆ ಹಾಸಿ ಕೆಟ್ಟ ಕೈಗಡಿಯಾರ, ಜಪಮಾಲೆ, ಹಿತ್ತಾಳೆಯ ಕಾಫಿ ಹೂಜಿ ಹರಡಿಕೊಂಡು ಕೂತವರ ನಡುವೆ ಯಾರದಾದರೂ ಒಂದು ತಗಡಿನ ಡಬ್ಬಿಯಲ್ಲಿ ಹಳೆಯ ಚಾಕುಗಳು ಸಿಗುತ್ತವೆ. ಬಲ್ಲವರು ಒಂದನ್ನು ಎತ್ತಿಕೊಂಡು, ಅಲಗಿನ ಮೇಲಿನ ಸಣ್ಣ ಗೀರಿಗೆ ಹೆಬ್ಬೆರಳಿನ ಉಗುರು ಸಿಕ್ಕಿಸಿ, ನಿಧಾನಕ್ಕೆ ಬಿಡಿಸುತ್ತಾರೆ. ‘ಟಕ್.’ ಮಡಚುತ್ತಾರೆ. ಮತ್ತೆ ‘ಟಕ್.’ ಸದ್ದು ಗಟ್ಟಿಯಾಗಿದ್ದರೆ ಬೆಲೆ ಕೇಳುತ್ತಾರೆ, ಸತ್ತಂತಿದ್ದರೆ ಡಬ್ಬಿಗೇ ಹಾಕುತ್ತಾರೆ.

ನಾನು ಇಂಥ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರತೊಡಗಿದ್ದು ನನ್ನದೇ ಒಂದು ಮರೆವಿನಿಂದ. ಕಾಸರಗೋಡಿನ ಕಡೆಯ ನಮ್ಮ ತೋಟದ ಮನೆಯಲ್ಲಿ ಸಣ್ಣ ಚಾಕುವಿಗೆ ಪೀಶಕತ್ತಿ ಎನ್ನುತ್ತಿದ್ದರು. ಅಪ್ಪನ ಹತ್ತಿರ ಮಡಚುವಂಥದ್ದು ಒಂದಿತ್ತು. ಮೆಣಸಿನ ಬಳ್ಳಿ ಕತ್ತರಿಸಲು, ಬಾಳೆನಾರು ಸೀಳಲು, ದಾರಿಯಲ್ಲಿ ಸಿಕ್ಕಿದ ನೆಕ್ಕರೆ ಮಾವಿನಕಾಯಿ ಹೆಚ್ಚಲು ಅದೇ. ಅಪ್ಪ ಹೋದಮೇಲೆ ಅದು ನನಗೆ ಬಂತು. ಒಂದು ಸಲ ರಜೆ ಮುಗಿಸಿ ಹೊರಟಾಗ ಕ್ಷೌರದ ಸಾಮಾನಿನ ಚೀಲದಲ್ಲಿ ಅದಿರುವುದನ್ನು ಮರೆತು ಕೈಚೀಲಕ್ಕೆ ಹಾಕಿಬಿಟ್ಟೆ. ತಪಾಸಣೆಯವರು ತಮ್ಮ ಕೆಲಸ ಮಾಡಿದರು. ಕತ್ತರಿ, ಬ್ಲೇಡುಗಳಿದ್ದ ಒಂದು ತೊಟ್ಟಿಗೆ ಅದೂ ಬಿತ್ತು. ಬೀಳುವಾಗ ಆದ ಸದ್ದು ಮಾತ್ರ ಜೊತೆಗೆ ಬಂತು.

ಅದಾದ ಮೇಲೆ, ಚಾಕುವಿನ ಆ ‘ಟಕ್’ ಹುಟ್ಟುವುದು ಎಲ್ಲಿಂದ ಎಂದು ತಿಳಿಯುವ ಹುಚ್ಚು ಹತ್ತಿತು.

ಸಂಗ್ರಾಹಕರು ‘ಸಾಂಪ್ರದಾಯಿಕ’ ಎನ್ನುವ ಜೇಬುಚಾಕುಗಳಲ್ಲಿ ಹೆಚ್ಚಿನವಕ್ಕೆ ಬೀಗವಿರುವುದಿಲ್ಲ. ಇವುಗಳ ಹೆಸರು ಸ್ಲಿಪ್‌ಜಾಯಿಂಟ್. ಎರಡು ತೆಳು ಹಿತ್ತಾಳೆ ತಗಡುಗಳ ನಡುವೆ ಒಂದು ಮೊಳೆಯ ಮೇಲೆ ಅಲಗು ತಿರುಗುತ್ತದೆ. ಹಿಡಿಯ ಬೆನ್ನುದ್ದಕ್ಕೂ ಒಂದು ಉಕ್ಕಿನ ಪಟ್ಟಿ, ಅದೇ ಸ್ಪ್ರಿಂಗು. ಅದರ ಒಂದು ಕೊನೆ ಮತ್ತು ನಡುಭಾಗ ಮೊಳೆ ಹೊಡೆದು ಬಿಗಿಯಾಗಿದ್ದು, ಇನ್ನೊಂದು ಕೊನೆ ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬುಡವನ್ನು ಹೆಚ್ಚುಕಡಿಮೆ ಚೌಕವಾಗಿ ಅರೆದಿರುತ್ತಾರೆ. ಚಾಕು ಬಿಚ್ಚಿದ್ದಾಗ ಚೌಕದ ಒಂದು ಮುಖ ಸ್ಪ್ರಿಂಗಿಗೆ ಒರಗಿ ಕೂತಿರುತ್ತದೆ. ಮಡಚಹೊರಟರೆ ಚೌಕದ ಮೂಲೆ ಸ್ಪ್ರಿಂಗನ್ನು ಎತ್ತುತ್ತದೆ. ಮೂಲೆ ದಾಟಿದ್ದೇ ಸ್ಪ್ರಿಂಗು ಮುಂದಿನ ಮುಖದ ಮೇಲೆ ಬೀಳುತ್ತದೆ. ಆ ಬೀಳುವಿಕೆಯೇ ‘ಟಕ್’. ಬೀಗವಿಲ್ಲ, ಗುಂಡಿಯಿಲ್ಲ, ಒಂದು ಮೂಲೆ, ಒಂದು ಪಟ್ಟಿ, ಅವೆರಡರ ನಡುವಿನ ಹಟ, ಅಷ್ಟೇ.

ಇಷ್ಟು ಸರಳವಾದದ್ದನ್ನು ಸರಿಯಾಗಿ ಮಾಡುವುದೇ ಕಷ್ಟ. ಮಡಚಿದ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ತಗಲಬಾರದು, ತಗಲಿದರೆ ಪ್ರತಿ ಸಲ ಮಡಚಿದಾಗಲೂ ಮೊಂಡಾಗುತ್ತದೆ. ಅದಕ್ಕಾಗಿ ಬುಡದಲ್ಲಿ ಒಂದು ಪುಟ್ಟ ಉಬ್ಬು ಬಿಟ್ಟಿರುತ್ತಾರೆ. ಅಲಗು ಕೂರುವುದು ಅದರ ಮೇಲೆ. ಆ ಉಬ್ಬನ್ನು ಅರದಿಂದ ಒಂದೆಳೆ ಹೆಚ್ಚು ಉಜ್ಜಿದರೆ ಬಾಯಿ ಕೆಡುತ್ತದೆ. ಒಂದೆಳೆ ಕಡಿಮೆ ಉಜ್ಜಿದರೆ ಮೊನೆ ಹೊರಗೆ ಇಣುಕಿ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಚಾಕುವಿನ ಬೆನ್ನ ಮೇಲೆ ಉಗುರು ಎಳೆದು ನೋಡಿ. ಬಿಚ್ಚಿದ್ದರೂ ಮಡಚಿದ್ದರೂ ಸ್ಪ್ರಿಂಗು ಮತ್ತು ತಗಡು ಒಂದೇ ಮಟ್ಟದಲ್ಲಿರುತ್ತವೆ, ಉಗುರು ಎಲ್ಲೂ ತಡೆಯುವುದಿಲ್ಲ. ಕೈಯಲ್ಲಿ ಮಾಡುವವರು ಇದಕ್ಕಾಗಿ ಚಾಕುವನ್ನು ಹಲವು ಸಲ ಜೋಡಿಸಿ, ನೋಡಿ, ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸುತ್ತಾರೆ. ಮೊಳೆಗಳ ತಲೆ ಬಡಿಯುವುದು ಕಟ್ಟಕಡೆಗೆ.

ಇನ್ನು ಹದ. ಅಡುಗೆಗೂ ಮಣ್ಣಿಗೂ ಉಕ್ಕಿಗೂ ನಾವು ಬಳಸುವುದು ಇದೊಂದೇ ಮಾತು. ಅಲಗಿನ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಆಗ ಮತ್ತೆ ಮೆಲ್ಲಗೆ ಬಿಸಿ ಮಾಡಬೇಕು. 200 ಡಿಗ್ರಿ ದಾಟುತ್ತಿದ್ದಂತೆ ತಿಕ್ಕಿ ಬೆಳಗಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಹರಿಯುತ್ತದೆ. ಅಲಗಿಗೆ ಅಲ್ಲೇ ನಿಲ್ಲಿಸಬೇಕು. ಸ್ಪ್ರಿಂಗಿಗೆ ಅದು ಸಾಲದು. ಹುಲ್ಲಿನ ಬಣ್ಣ ಕಂದಾಗಿ, ನೇರಳೆಯಾಗಿ, 300ರ ಆಸುಪಾಸಿನಲ್ಲಿ ನವಿಲಿನ ಕತ್ತಿನ ನೀಲಿಗೆ ತಿರುಗುವವರೆಗೆ ಕಾಯಬೇಕು. ನೀಲಿ ಬಂದ ಪಟ್ಟಿ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುತ್ತದೆ. ಒಂದೇ ಚಾಕುವಿನೊಳಗೆ ಹೀಗೆ ಎರಡು ಹದಗಳು ಅಕ್ಕಪಕ್ಕ ಬಾಳುತ್ತವೆ. ಒಂದು ಹರಿತಕ್ಕೆ, ಇನ್ನೊಂದು ತಾಳ್ಮೆಗೆ.

ಈ ಕಸುಬಿನ ದೊಡ್ಡ ಊರು ಇಂಗ್ಲೆಂಡಿನ ಶೆಫೀಲ್ಡ್. ಬಾಡಿಗೆಯ ಚಿಕ್ಕ ಕೋಣೆಗಳಲ್ಲಿ ಒಬ್ಬೊಬ್ಬರೇ ಕೂತು ಚಾಕು ಮಾಡುತ್ತಿದ್ದ ಕುಶಲಕರ್ಮಿಗಳನ್ನು ಅಲ್ಲಿ ‘ಲಿಟ್ಲ್ ಮೆಸ್ಟರ್’ ಎನ್ನುತ್ತಿದ್ದರು. ಆ ಪೀಳಿಗೆಯ ಕೊನೆಯವರಲ್ಲೊಬ್ಬರು ಸ್ಟಾನ್ ಶಾ. ಹದಿನಾಲ್ಕರ ವಯಸ್ಸಿಗೆ ಕೆಲಸಕ್ಕೆ ಸೇರಿ, ತೊಂಬತ್ತು ದಾಟಿದ ಮೇಲೂ ಅರ ಹಿಡಿದಿದ್ದವರು, 2021ರಲ್ಲಿ ತೀರಿಕೊಂಡರು. ಅದೇ ಊರಿನ ಜೋಸೆಫ್ ರಾಜರ್ಸ್ ಕಂಪನಿ 1822ರಲ್ಲಿ 1,822 ಅಲಗುಗಳ ಒಂದು ಚಾಕುವನ್ನು ಮಾಡಿ, ಕಾಲ ಕಳೆದಂತೆ ಅದಕ್ಕೆ ಅಲಗು ಸೇರಿಸುತ್ತಾ ಹೋಯಿತು. ಅದು ಯಾರ ಜೇಬಿಗೂ ಹಿಡಿಸುವಂಥದ್ದಲ್ಲ. ಕೈಚಳಕದ ಜಂಬಕ್ಕೆ ಹುಟ್ಟಿದ ಚಾಕು ಅದು.

ಶೆಫೀಲ್ಡಿನ ಚಾಕುಗಳಿಗೆ ನಮ್ಮ ಕಾಡಿನ ನೆಂಟಸ್ತಿಕೆಯೂ ಇದೆ. ಅಲ್ಲಿಯವರು ಹಿಡಿಗೆ ಬಹಳ ಇಷ್ಟಪಡುತ್ತಿದ್ದುದು ಭಾರತದ ಕಡವೆಯ ಕೊಂಬು. ಬೇರೆ ಜಿಂಕೆಗಳ ಕೊಂಬಿನೊಳಗೆ ಸ್ಪಂಜಿನಂತೆ ಟೊಳ್ಳು ಹೆಚ್ಚು. ಕಡವೆಯದ್ದು ಒಳಗೂ ಗಟ್ಟಿ. ಪ್ರತಿ ವರ್ಷ ತಾನಾಗಿ ಉದುರುವ ಕೊಂಬುಗಳನ್ನು ಕಾಡಿನಲ್ಲಿ ಆಯ್ದು ಹಡಗು ಹತ್ತಿಸುತ್ತಿದ್ದರು. ವನ್ಯಜೀವಿ ಕಾನೂನುಗಳು ಬಿಗಿಯಾದ ಮೇಲೆ ಆ ರಫ್ತು ನಿಂತಿತು, ಹಳೆಯ ಕಡವೆ ಕೊಂಬಿನ ಹಿಡಿಗೆ ಬೆಲೆ ಏರಿತು. ಇಂಥದ್ದು ಸೂಕ್ ಅಲ್ ಜುಮಾದಲ್ಲಿ ಸಿಕ್ಕಿದರೂ ಅದನ್ನು ಊರಿಗೆ ಒಯ್ಯುವ ಆಸೆ ಇಟ್ಟುಕೊಳ್ಳದಿರುವುದೇ ವಾಸಿ.

ಉಕ್ಕಿನ ನಂಟು ಇನ್ನೂ ಹಳೆಯದು. 1790ರ ದಶಕದಲ್ಲಿ ಮುಂಬಯಿಯಿಂದ ಡಾ. ಹೆಲೆನಸ್ ಸ್ಕಾಟ್ ಎಂಬಾತ ಭಾರತದ ಮೂಸೆ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. ಅದನ್ನು ಅಲ್ಲಿ ‘ವೂಟ್ಜ್’ ಎಂದು ಬರೆದುಕೊಂಡರು. ನಮ್ಮ ‘ಉಕ್ಕು’ ಬಿಳಿಯರ ಕಿವಿಗೆ ಬಿದ್ದು ಹಾಗಾಯಿತು ಎಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಜಾರ್ಜ್ ಪಿಯರ್ಸನ್ 1795ರಲ್ಲಿ ಅದರ ಗುಣಗಳ ಬಗ್ಗೆ ಪ್ರಬಂಧ ಬರೆದ. ಆ ಪರೀಕ್ಷೆಯ ವೇಳೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಕಸುಬುದಾರ ಒಂದು ತುಂಡನ್ನು ಹೆಚ್ಚು ಕೆಂಪಾಗಗೊಡದೆ, ಕತ್ತಲಲ್ಲಷ್ಟೇ ಕಾಣುವ ಕಾವಿನಲ್ಲಿ ಬಡಿದು ಒಂದು ಪುಟ್ಟ ಪೆನ್‌ನೈಫ್ ಮಾಡಿದ. ಅದು ಒಳ್ಳೆಯ ಉಕ್ಕಿನ ಚಾಕುವಿನಷ್ಟೇ ನಯವಾಗಿ ಕೊಯ್ದಿತಂತೆ. ಕತ್ತಿ, ಫಿರಂಗಿ ಬಿಟ್ಟು ಜೇಬುಚಾಕುವಿನಿಂದಲೇ ನಮ್ಮ ಉಕ್ಕನ್ನು ಪರೀಕ್ಷಿಸಿದರಲ್ಲ ಎಂದು ನನಗೆ ಖುಷಿ. ಕಸುಬುದಾರನಿಗೆ ಗೊತ್ತು: ಸಣ್ಣ ಅಲಗಿನಲ್ಲಿ ತಪ್ಪು ಅಡಗಿಸಲು ಜಾಗವಿರುವುದಿಲ್ಲ.

ಪ್ರತಿ ನಾಡಿಗೂ ಅದರದೇ ಜೇಬುಚಾಕು. ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಶುರುಮಾಡಿದ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಮರದ ಹಿಡಿಯ ಸೀಳಿನಲ್ಲಿ ಅಲಗು. 1955ರಲ್ಲಿ ಅದಕ್ಕೊಂದು ತಿರುಗಿಸುವ ಉಂಗುರ ಸೇರಿತು. ಅದೇ ದೇಶದ ಲಗ್ಯೋಲ್ ಚಾಕುವಿನ ಸ್ಪ್ರಿಂಗಿನ ತುದಿಯಲ್ಲಿ ಒಂದು ಜೇನ್ನೊಣ ಕೆತ್ತಿರುತ್ತಾರೆ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಅಂದರೆ ಮಡಚಿದ ತಗಡಿನ ಹಿಡಿ ಮತ್ತು ಬಾಲವಿರುವ ಅಲಗು, ಅಷ್ಟೇ. ಅಲ್ಲಿನ ಎಷ್ಟೋ ತಲೆಮಾರಿನ ಮಕ್ಕಳು ಪೆನ್ಸಿಲ್ ಚೂಪು ಮಾಡಿದ್ದು ಅದರಿಂದ. ನಮ್ಮ ಕೊಡಗಿನ ಪೀಚೆಕತ್ತಿ ಮಡಚುವಂಥದ್ದಲ್ಲ, ಬೆಳ್ಳಿಯ ಒರೆಯಲ್ಲಿ ಸೊಂಟದ ಚೇಲೆಗೆ ಸಿಕ್ಕಿಸುವಂಥದ್ದು. ಆದರೂ ಪೀಶಕತ್ತಿ, ಪೀಚೆಕತ್ತಿ ಎಂದು ಒಟ್ಟಿಗೆ ಹೇಳಿ ನೋಡಿದರೆ ಎರಡೂ ಒಂದೇ ಬಳ್ಳಿಯ ಕಾಯಿಗಳಂತೆ ಕೇಳಿಸುತ್ತವೆ.

ಸಂಗ್ರಾಹಕರಲ್ಲಿ ಎರಡು ಪಂಗಡ. ಒಂದು, ಬಳಸದೆ ಡಬ್ಬಿಯಲ್ಲೇ ಇಟ್ಟ ಚಾಕುವನ್ನು ಹುಡುಕುವವರು. ಅವರಿಗೆ ಬುಡದ ಮೇಲಿನ ಮುದ್ರೆ ಬಹಳ ಮುಖ್ಯ. ಅಮೆರಿಕದ ಕೇಸ್ ಕಂಪನಿಯವರು 1970ರಲ್ಲಿ ತಮ್ಮ ಹೆಸರಿನ ಕೆಳಗೆ ಹತ್ತು ಚುಕ್ಕೆ ಒತ್ತಿ, ವರ್ಷಕ್ಕೊಂದರಂತೆ ಚುಕ್ಕೆ ಕಳೆಯುತ್ತಾ ಬಂದರು. ಚುಕ್ಕೆ ಎಣಿಸಿದರೆ ಚಾಕು ಹುಟ್ಟಿದ ವರ್ಷ ಗೊತ್ತಾಗುತ್ತದೆ. ಇನ್ನೊಂದು ಪಂಗಡ ಸವೆದದ್ದನ್ನು ಹುಡುಕುವವರು. ನಾನು ಈ ಕಡೆಯವನು. ಇಂಗಾಲದ ಉಕ್ಕಿನ ಅಲಗು ಹುಳಿ ಮುಟ್ಟಿದರೆ ಕಪ್ಪಿಡುತ್ತದೆ. ಮಾವಿನಕಾಯಿ ಹೆಚ್ಚಿದ ಅಮ್ಮನ ಮೆಟ್ಟುಕತ್ತಿ ನೋಡಿದವರಿಗೆ ಇದು ಹೊಸತಲ್ಲ. ವರ್ಷಗಟ್ಟಲೆ ಬಳಸಿದ ಚಾಕುವಿಗೆ ಬೂದು-ನೀಲಿಯ ಒಂದು ಮಬ್ಬು ಬರುತ್ತದೆ. ಅದನ್ನು ತಿಕ್ಕಿ ಬೆಳ್ಳಗೆ ಮಾಡುವವರನ್ನು ಕಂಡರೆ ನಮ್ಮವರಿಗೆ ಕೋಪ.

ಸವೆತವನ್ನು ಓದಲು ಕಲಿಯಬಹುದು. ಅಲಗಿನ ನಡುಭಾಗ ತಗ್ಗಿದ್ದರೆ ಚಿಕ್ಕ ಕಲ್ಲಿನ ಮೇಲೆ ಅವಸರದಲ್ಲಿ ಮಸೆಯುತ್ತಿದ್ದರೆಂದು ಲೆಕ್ಕ. ಮೊನೆ ಮುರಿದಿದ್ದರೆ ಡಬ್ಬಿಯ ಮುಚ್ಚಳ ಎಬ್ಬಿಸಿರಬಹುದು. ಹಿಡಿಯ ಒಂದು ಮಗ್ಗುಲಿನ ಕೆತ್ತನೆ ಮಾತ್ರ ನುಣ್ಣಗಾಗಿದ್ದರೆ, ಚಾಕು ಯಾರದೋ ಜೇಬಿನಲ್ಲಿ ವರ್ಷಗಟ್ಟಲೆ ಒಂದೇ ಕಡೆಗೆ ಮಲಗಿ ತೊಡೆಗೆ ಉಜ್ಜಿಕೊಂಡಿತ್ತು. ಪ್ರತಿ ಸಲ ಮಸೆದಾಗ ಅಲಗು ಒಂದಿಷ್ಟು ಕರಗುತ್ತದೆ. ಅಂದರೆ ಚಾಕುವಿನ ಆಕಾರ ಕಮ್ಮಾರನ ಕೈಯಲ್ಲಿ ಮುಗಿಯುವುದಿಲ್ಲ. ಉಳಿದದ್ದನ್ನು ಬಳಸಿದವರು ಮಾಡುತ್ತಾರೆ. ಕುಲುಮೆಯ ಹದ ಸ್ಪ್ರಿಂಗಿನಲ್ಲಿ ಹಾಗೇ ಇರುತ್ತದೆ, ಕೈಯ ಹದ ಅಲಗಿನ ಮೇಲೆ ಕೂರುತ್ತದೆ. ಅಪ್ಪನ ಪೀಶಕತ್ತಿಯಂಥದ್ದೇ ಚಾಕು ನನಗೆ ಪುನಃ ಸಿಗಬಹುದು. ಅವರು ಮಸೆದು ಕಳೆದ ಭಾಗ ಸಿಗುವುದಿಲ್ಲ.

ಕುವೈತಿನಲ್ಲೇ ಇನ್ನೊಂದು ಸಂಗ್ರಹವಿದೆ. ಶೇಖ್ ನಾಸರ್ ಮತ್ತು ಶೇಖಾ ಹುಸ್ಸಾ ದಂಪತಿ ಕೂಡಿಸಿದ ಅಲ್ ಸಬಾ ಸಂಗ್ರಹದಲ್ಲಿ ಮೊಘಲರ, ದಖ್ಖನಿನ ರತ್ನಖಚಿತ ಕಠಾರಿಗಳು ಜಗತ್ಪ್ರಸಿದ್ಧ. 1990ರ ಇರಾಕ್ ದಾಳಿಯಲ್ಲಿ ಸಂಗ್ರಹದ ಬಹುಪಾಲು ಬಾಗ್ದಾದಿಗೆ ಹೋಗಿ, ಯುದ್ಧ ಮುಗಿದ ಮೇಲೆ ಹೆಚ್ಚಿನದು ಮರಳಿತು. ಆ ಕಠಾರಿಗಳ ಮಾಣಿಕ್ಯ, ಪಚ್ಚೆಗಳ ಕೆಲಸ ಕಂಡು ಬೆರಗಾಗದವರಿಲ್ಲ. ಆದರೆ ಅವುಗಳಲ್ಲಿ ಸವೆತವನ್ನು ಹುಡುಕಿದರೆ ಸಿಗುವುದು ಕಷ್ಟ. ಅವು ದರ್ಬಾರಿನಲ್ಲಿ ಸೊಂಟಕ್ಕೆ ಮೆರುಗು ಕೊಟ್ಟವು. ಅಡಿಕೆ ಹೋಳು ಮಾಡಿದವಲ್ಲ.

ಇಲ್ಲಿ ಹಳೆಯ ಚಾಕುವಿನ ಮೊದಲ ಶತ್ರು ಧೂಳು. ತೋಜ್ ಎನ್ನುವ ಧೂಳುಗಾಳಿ ಎದ್ದ ದಿನ ಮುಚ್ಚಿದ ಕಿಟಕಿಯೊಳಗೂ ನುಸುಳುವ ಹಿಟ್ಟಿನಂಥ ಮರಳು ಮೊಳೆಯ ಸಂದಿಗೂ ಇಳಿಯುತ್ತದೆ. ಬಿಡಿಸಿದರೆ ಗರಗರ ಎನ್ನುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿಸುತ್ತಾ ಮಡಚುತ್ತಾ ತೊಳೆದು, ಚೆನ್ನಾಗಿ ಒಣಗಿಸಿ, ಸಂದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಹೆಚ್ಚು ಹಾಕಿದರೆ ಮತ್ತೆ ಧೂಳು ಅಂಟುತ್ತದೆ. ಮಸೆಯುವಾಗ ಅಲಗನ್ನು ಕಲ್ಲಿನ ಮೇಲೆ ತುಸುವೇ ಎತ್ತಿ, ಒಂದೇ ಕೋನದಲ್ಲಿ, ಎರಡೂ ಬದಿಗೆ ಸಮನಾಗಿ ಎಳೆಯಬೇಕು. ಕೋನ ಹಿಡಿಯುವುದು ತೋಳಿನ ಕೆಲಸವಲ್ಲ, ಮಣಿಕಟ್ಟಿನದು. ಇನ್ನೊಂದು ಮಾತು: ಇಲ್ಲಿ ಇದು ಮನೆಯ ವಸ್ತು. ಜೇಬಿಗಿಳಿಸಿಕೊಂಡು ಮಾಲ್ ಸುತ್ತುವ ಚಪಲ ಬೇಡ. ವಿಮಾನ ಹತ್ತುವ ದಿನ ಜಾಗ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಅದು ದೊಡ್ಡ ಪೆಟ್ಟಿಗೆಯ ತಳ.

ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿಗಳಿಗೆ ಪೂಜೆ. ನಮ್ಮಲ್ಲಿ ಆಯುಧಪೂಜೆಗೆ. ಕಳೆದ ನವರಾತ್ರಿಯಲ್ಲಿ ಅರ್ದಿಯಾದ ಮನೆಯಲ್ಲಿ ಕಾರಿನ ಕೀಲಿ, ಲ್ಯಾಪ್‌ಟಾಪ್, ಮಿಕ್ಸಿಯ ಬ್ಲೇಡಿನ ಪಕ್ಕದಲ್ಲಿ ಸಂತೆಯಿಂದ ತಂದ ಒಂದು ಚಾಕುವನ್ನೂ ಇಟ್ಟೆ. ಮೂಳೆಯ ಹಿಡಿ, ಮುದ್ರೆ ಅಳಿಸಿಹೋದ ಬುಡ, ನಡು ತಗ್ಗಿದ ಅಲಗು. ಒಂದೂವರೆ ದಿನಾರ್ ಕೊಟ್ಟಿದ್ದೆ. ಪೂಜೆಯಾದ ಮೇಲೆ ಮಗಳು ಕೈ ಚಾಚಿದಳು. ಉಪ್ಪು, ಮೆಣಸು, ಚೂರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂದು ಅಜ್ಜಿ ಹೇಳುತ್ತಿದ್ದರು, ಮೇಜಿನ ಮೇಲಿಟ್ಟೆ. ಚಾಕು ಉಡುಗೊರೆಯಾಗಿ ಕೊಟ್ಟರೆ ಸ್ನೇಹ ತುಂಡಾಗುತ್ತದೆಂದು ಯುರೋಪಿನವರು ಪ್ರತಿಯಾಗಿ ಒಂದು ನಾಣ್ಯ ತೆಗೆದುಕೊಳ್ಳುತ್ತಾರಂತೆ ಎಂದೆ. ಅವಳು ನೂರು ಫಿಲ್ಸಿನ ನಾಣ್ಯವೊಂದನ್ನು ಹುಡುಕಿ ತಂದು ನನ್ನ ಮುಂದಿಟ್ಟು, ಚಾಕು ಎತ್ತಿಕೊಂಡಳು. ಗೀರಿಗೆ ಉಗುರು ಸಿಕ್ಕಿಸಿದಳು. ಬಿಗಿ ಇತ್ತು, ಉಗುರು ಜಾರಿತು. ಎರಡನೇ ಸಲ ನಿಧಾನಕ್ಕೆ ಎಳೆದಳು.

‘ಟಕ್.’

“ಎಣ್ಣೆ ಬೇಕು ಅಪ್ಪಾ,” ಎಂದಳು. ಸರಿಯಾಗೇ ಕೇಳಿಸಿಕೊಂಡಿದ್ದಳು.